ಹೊರಗಿನಿಂದ ಅಳೆದ ಕಿಟಕಿ

ನಮ್ಮ ಭಾವನವರ ಹಟಕ್ಕೆ ಮದ್ದಿಲ್ಲ. ಮನೆ ಪಾಲಾದ ದಿನ ತಮ್ಮನ, ಅಂದರೆ ನನ್ನ ಗಂಡನ, ಜತೆ ಜಗಳವಾಡಿ, 'ಇನ್ನು ನಿನ್ನ ಹೊಸಿಲು ತುಳಿಯಲ್ಲ' ಎಂದು ಅಂಗಳದಲ್ಲಿ ನಿಂತು ಕೂಗಿದರು. ಅಂದಿನಿಂದ ತುಳಿದಿಲ್ಲ. ಅತ್ತೆ ಉಳಿದದ್ದು ನಮ್ಮ ಪಾಲಿಗೆ. ಅವರ ಕೋಣೆಯ ಕಿಟಕಿ ಮಾತ್ರ ಭಾವನ ಅಂಗಳಕ್ಕೆ ತೆರೆಯುತ್ತದೆ. ಹಿಡಿಕೆ ತಿರುಗಿಸಿದರೆ ಗಾಜಿನ ಬಾಗಿಲು ಹೊರಗೆ ಸರಿಯುವ, ಸರಳಿಲ್ಲದ ಕಿಟಕಿ. ದಿನಾ ಬೆಳಿಗ್ಗೆ ನಾನು ತಿರುಗಿಸಬೇಕು, ಭಾವ ಬಂದು ಹೊರಗೆ ನಿಲ್ಲಬೇಕು, ತಾಯಿ ಮಗ ಮಾತಾಡಬೇಕು. ಹಾಸಿಗೆ ಒಗೆಯುವವಳು ನಾನು, ನಗು ಮಾತ್ರ ಅವರಿಗೆ. ನನಗೆ ಹೊಟ್ಟೆ ಉರಿಯುತ್ತಿತ್ತು, ಮುಚ್ಚಿಡುವುದೇನು.

ಹೋದ ವಾರ ಒಳಗಿನ ಗೇರ್ ಚಕ್ರದ ಹಲ್ಲು ಸವೆದು ಹಿಡಿಕೆ ಸುಮ್ಮನೆ ಗಿರಗಿರ ಸುತ್ತತೊಡಗಿತು. ಕಿಟಕಿ ಮುಚ್ಚಿದ್ದು ಮುಚ್ಚಿದಂತೆಯೇ. ಅತ್ತೆ ಗಾಜಿನ ಕಡೆ ಮುಖ ಮಾಡಿ ಮಲಗಿ ಊಟ ಬಿಟ್ಟರು. ಮಗನ ಮಾತು ಕೇಳಬೇಕು ಎನ್ನುವುದೊಂದೇ ಜಪ.

ಭಾವ ಬಸ್ಸು ರಿಪೇರಿ ಮಾಡುವವರು. ತನಗೆ ಗೊತ್ತಿಲ್ಲದ ಗೇರಿಲ್ಲ ಎಂಬ ಜಂಬ. ಗಾಜಿಗೆ ಮೂಗು ಒತ್ತಿ ಹೊರಗಿನಿಂದಲೇ ಅಳತೆ ನೋಡಿ, ಹೊಸ ಗೇರ್ ಪೆಟ್ಟಿಗೆ ತಂದು ನಮ್ಮ ಮೆಟ್ಟಿಲ ಮೇಲಿಟ್ಟು ಹೋದರು. ಜೋಡಿಸುವ ಕರ್ಮ ನನ್ನದು.

ಹಳೆಯದರ ಸ್ಕ್ರೂ ಬಿಚ್ಚಿ, ಬಾಗಿಲನ್ನು ತಳ್ಳುವ ಅದರ ತೋಳನ್ನು ಬಿಡಿಸಿ, ಗಾಜಿನ ಬಾಗಿಲನ್ನು ಕೈಯಿಂದಲೇ ಹೊರಗೆ ತಳ್ಳಿದೆ. ಎದುರಿಗೆ ಭಾವ ನಿಂತಿದ್ದರು.

'ಹೊಸದನ್ನ ಕೂರಿಸು.'

'ಕೂರ್ತಿಲ್ಲ. ತೋಳು ಆ ಕಡೆ ಹೋಗ್ತಿದೆ.'

'ಸರಿಯಾಗಿ ಹಿಡಿ. ಅದೇನು ಸೌಟಲ್ಲ.'

'ನೀವು ತಂದಿರೋದು ಎಡಗಡೆದು, ಬೇಕಿರೋದು ಬಲಗಡೆದು. ಒಳಗೆ ನಿಂತು ನೋಡಿದ್ರೆ ಮಗುವಿಗೂ ತಿಳೀತಿತ್ತು.'

ಅವರ ಮುಖ ಕೆಂಪಾಯಿತು. ಅಂಗಡಿಗೆ ಹೋಗಿ ಬದಲಿಸಿಕೊಂಡು ಬಂದರು. ಈ ಸಲ ಪೆಟ್ಟಿಗೆ ಕೂತಿತು, ಆದರೆ ಸವೆದ ತೂತಿನಲ್ಲಿ ಸ್ಕ್ರೂ ಹಿಡಿಯಲಿಲ್ಲ. ನನ್ನ ಕೈ ಜಾರಿ ಚೌಕಟ್ಟು ಗೀಚಿತು.

'ಬಿಡು, ನಿನ್ನ ಕೈಲಾಗಲ್ಲ' ಎಂದವರೇ ಚಪ್ಪಲಿ ಬಿಟ್ಟು, ಕಿಟಕಿ ಹತ್ತಿ ಒಳಗೆ ಧುಮುಕಿದರು. ಹೊಸಿಲು ತುಳಿಯಲಿಲ್ಲ ನೋಡಿ. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ.

ತೂತಿಗೆ ಬೆಂಕಿಕಡ್ಡಿಯ ಚೂರು ತುರುಕಿ ಸ್ಕ್ರೂ ಬಿಗಿದರು. ತೋಳು ಸಿಕ್ಕಿಸಿ ಹಿಡಿಕೆ ತಿರುಗಿಸಿದರು. ಗಾಜಿನ ಬಾಗಿಲು ಮುಚ್ಚಿತು, ಮತ್ತೆ ತೆರೆಯಿತು. 'ಅಮ್ಮಾ, ಆಯ್ತು ನೋಡು' ಎಂದು ಮಂಚದ ಹತ್ತಿರ ಬಗ್ಗಿದರು.

ಅತ್ತೆ ಕೈ ಹಿಂದಕ್ಕೆಳೆದುಕೊಂಡರು.

'ನಾನು ಜ್ವರದಲ್ಲಿ ಬಿದ್ದಾಗ ನೀನು ಹೊರಗೇ ನಿಂತಿದ್ದೆ. ನೀನು ಆಣೆ ಮಾಡಿದೀಯ, ಏನು ಮಾಡ್ತೀಯ ಅಂತ ನಾನೂ ಸುಮ್ಮನಿದ್ದೆ. ಇವತ್ತು ಒಂದು ಸ್ಕ್ರೂ ಕರೆದಿದ್ದಕ್ಕೆ ಹಾರಿ ಬಂದ್ಯಲ್ಲೋ.'

'ಅಮ್ಮ, ಅದು ಹಾಗಲ್ಲ...'

'ಬಂದ ದಾರೀಲೇ ಹೋಗು.'

ಭಾವ ನನ್ನ ಮುಖ ನೋಡಿದರು. ನಾನು ಗೋಡೆ ನೋಡಿದೆ. ಅವರು ಕಿಟಕಿ ಹತ್ತಿ ಇಳಿದರು.

'ಮುಚ್ಚೇ ಅದನ್ನ' ಎಂದರು ಅತ್ತೆ. 'ಬೀದಿ ಬಾಗಿಲು ತೆಗೆದಿಡು. ಬರೋನು ಅಲ್ಲಿಂದ ಬರ್ಲಿ.'

ಹಿಡಿಕೆ ತಿರುಗಿಸಿದೆ. ಹೊಸದು, ಒಂದಿಷ್ಟೂ ತಡೆಯಲಿಲ್ಲ. ಇಷ್ಟು ದಿನ ನಾನು ಬಯಸಿದ್ದು ಇದನ್ನೇ, ಆದರೂ ಸಂತೋಷವಾಗಲಿಲ್ಲ. ಆ ಮುದುಕಿಯ ಮೇಲೂ, ಈ ಗಂಡಸಿನ ಮೇಲೂ ಸಿಟ್ಟು ಬಂತು. ಬೀದಿ ಬಾಗಿಲನ್ನು ಅಗಲವಾಗಿ ತೆಗೆದಿಟ್ಟೆ. ಒಮ್ಮೆ ಹೆಜ್ಜೆ ಸದ್ದಾದಾಗ ಅತ್ತೆ ತಲೆ ಎತ್ತಿದರು, ಬಂದವರು ನಮ್ಮ ಯಜಮಾನರು.

ಕತ್ತಲಾದರೂ ಭಾವ ಬರಲಿಲ್ಲ, ನಾನೇ ಬಾಗಿಲು ಹಾಕಿದೆ. ಅತ್ತೆ ಮತ್ತೆ ಗಾಜಿನ ಕಡೆ ಮುಖ ಮಾಡಿ ಮಲಗಿದರು.