ಎರಡು ಸಾಲಿನ ಚಪ್ಪಲಿ

"ಕಾಲು ಹೋಗಿರೋದು ನಿನ್ ಗಂಡಂದು ಕಣೇ, ನಿನ್ ಕೈಗೇನ್ ಬಂದಿದೆ ಧಾಡಿ? ಬೇಗ್ ಬೇಗ ಗುಡ್ಸು!"

ರಸ್ತೆ ಇಲಾಖೆಯ ಎಂಜಿನಿಯರ್ ಬೆರ್ನಾಲ್ ಹೀಗೆ ಕೂಗಿದಾಗ ಬೆಳಗಿನ ಏಳು ಗಂಟೆ. ತ್ರಿನಿಂಗ್ ತಲೆ ಎತ್ತಲಿಲ್ಲ. ತೆಂಗಿನಕಡ್ಡಿ ಪೊರಕೆ ಹಿಡಿದು ಸಾಂತಾ ಲುದೊವಿನಾ ಊರಿನ ಬಾಸ್ಕೆಟ್‌ಬಾಲ್ ಅಂಗಳವನ್ನು ಗುಡಿಸುತ್ತಲೇ ಇದ್ದಳು. ತಗಡಿನ ಚಾವಣಿಯ ಕೆಳಗೆ ಮೇಜುಗಳು ಬಂದಿದ್ದವು, ಮೇಜಿಗೆ ಬಿಳಿ ಬಟ್ಟೆ ಬಂದಿತ್ತು, ಮೇಲೆ ಬ್ಯಾನರ್ ಏರಿತ್ತು: 'ಒಂದೇ ಸೂರು, ಒಂದೇ ದಿನ. ನೌಕರರಿಗೂ ನಾಗರಿಕರಿಗೂ ಎಲ್ಲ ಇಲಾಖೆಗಳ ಸೇವೆ.' ಪ್ರಾಂತ್ಯದ ಇಲಾಖೆಗಳೆಲ್ಲ ಒಟ್ಟಿಗೆ ದೋಣಿ ಹತ್ತಿ ಈ ದ್ವೀಪಕ್ಕೆ ದಯಮಾಡಿಸುವುದು ವರ್ಷಕ್ಕೆ ಒಂದೇ ಸಲ.

ಐದು ದಿನದ ಹಿಂದೆ ಅವಳ ಗಂಡ ಬಸ್ಯೋಂಗ್ ಗುಡ್ಡ ಕುಸಿದ ರಸ್ತೆಯಲ್ಲಿ ಮಣ್ಣು ಎತ್ತುತ್ತಿದ್ದಾಗ ಬಂಡೆಯೊಂದು ಉರುಳಿ ಬಂದು ಬಲಗಾಲನ್ನು ಜಜ್ಜಿಹಾಕಿತ್ತು. ಕೈಯಲ್ಲಿದ್ದ ಸಲಿಕೆ ಇಲಾಖೆಯದು, ಬಂದಿಳಿದ ಲಾರಿ ಇಲಾಖೆಯದು, ಮೈಮೇಲಿನ ನೀಲಿ ಅಂಗಿಯೂ ಇಲಾಖೆಯದು. ಬೂಟು ಮಾತ್ರ ಇರಲಿಲ್ಲ. ಬೂಟು ಖಾಯಂ ನೌಕರರಿಗೆ. ಗಂಡ ಹೆಂಡತಿ ಇಬ್ಬರೂ ಹದಿನಾರು ವರ್ಷದಿಂದ ಆರಾರು ತಿಂಗಳಿಗೊಂದು ಕಾಗದಕ್ಕೆ ಸಹಿ ಹಾಕಿ ಅಲ್ಲೇ ದುಡಿಯುತ್ತಿದ್ದರು. ಆ ಕಾಗದದ ಕೊನೆಯ ಸಾಲು ತ್ರಿನಿಂಗ್‌ಗೆ ಬಾಯಿಪಾಠವಾಗಿತ್ತು: 'ಈ ವ್ಯಕ್ತಿಗೂ ಇಲಾಖೆಗೂ ನೌಕರಿಯ ಸಂಬಂಧ ಇರುವುದಿಲ್ಲ.'

ಊರಿನ ಚಿಕ್ಕ ಆಸ್ಪತ್ರೆಯ ವೈದ್ಯೆ ನಿನ್ನೆ ಸಂಜೆ ಅವಳನ್ನು ಹೊರಗೆ ಕರೆದು ಹೇಳಿದ್ದಳು: "ಕಾಲು ಕೊಳೀತಾ ಇದೆ ಅಕ್ಕ. ನಾಳೆ ನಾಲ್ಕು ಗಂಟೆ ದೋಣಿಗೆ ಹಾಕಿ ದೊಡ್ಡಾಸ್ಪತ್ರೆಗೆ ಸೇರ್ಸು. ಅದಾದ್ಮೇಲಿನ ದೋಣಿ ಮೂರು ದಿನಕ್ಕೆ. ಅಷ್ಟೊತ್ತಿಗೆ ಕಾಲಲ್ಲ, ಆಳೇ ಉಳಿಯಲ್ಲ." ದೊಡ್ಡಾಸ್ಪತ್ರೆಯವರು ಸೇರಿಸಿಕೊಳ್ಳಬೇಕಾದರೆ ಒಂದು ಮೊಹರು ಬೇಕು. ನೌಕರನಾದರೆ ವಿಮೆಯವರದು, ಬಡವನಾದರೆ ಕಲ್ಯಾಣ ಇಲಾಖೆಯವರದು. ಎರಡು ಮೊಹರೂ ಇವತ್ತು ಇದೇ ಅಂಗಳದಲ್ಲಿದ್ದವು, ಅಕ್ಕಪಕ್ಕದ ಮೇಜಿನ ಮೇಲೆ.

ಜನ ಕತ್ತಲಿರುವಾಗಲೇ ಬಂದು ಚಪ್ಪಲಿ ಬಿಟ್ಟು ಸಾಲು ಹಿಡಿದಿದ್ದರು. ಆಳು ನೆರಳಲ್ಲಿ ಕೂತಿದ್ದರೂ ಚಪ್ಪಲಿ ಸಾಲಿನಲ್ಲಿ ನಿಂತಿದ್ದರೆ ಸಾಕು, ಆ ಜಾಗವನ್ನು ಯಾರೂ ಮುಟ್ಟುವುದಿಲ್ಲ. ನೌಕರರದೊಂದು ಸಾಲು, ನಾಗರಿಕರದೊಂದು. ತ್ರಿನಿಂಗ್ ಎಡಗಾಲಿನದನ್ನು ನೌಕರರ ಸಾಲಿಗೆ ಬಿಟ್ಟಳು, ಬಲಗಾಲಿನದನ್ನು ನಾಗರಿಕರ ಸಾಲಿಗೆ.

ಬೆಸ್ತರ ಮುದುಕ ಎಲ್ಪಿಡಿಯೊ ಬೊಚ್ಚುಬಾಯಿ ಬಿಟ್ಟು ನಕ್ಕ. "ಏನವ್ವಾ, ಎಡದ ಕಾಲು ಸರ್ಕಾರದ್ದು, ಬಲದ್ದು ನಮ್ದಾ?"

"ಯಾರ್ದೋ ಒಬ್ರುದ್ದಾಗ್ಲಿ ತಾತ, ಸಾಕು."

ಹತ್ತೂವರೆಗೆ ಎಡಗಾಲಿನ ಸರದಿ ಬಂತು. ಅವಳು ಗಂಡ ಸಹಿ ಹಾಕಿದ ಕಾಗದ ನೀಡಿದಳು. ವಿಮೆ ಮೇಜಿನ ಹೆಂಗಸು ಕೊನೆಯ ಸಾಲಿನ ಮೇಲೆ ಉಗುರಿಟ್ಟಳು. "ಇವ್ನು ನೌಕರನೇ ಅಲ್ವಲ್ಲಮ್ಮ. ಕಲ್ಯಾಣದವರ ಹತ್ರ ಹೋಗು."

ಬಲಗಾಲಿನ ಸರದಿ ಬರುವಾಗ ಹನ್ನೊಂದೂವರೆ. ಕಲ್ಯಾಣದ ಮೇಜಿನವನು ಕಾಗದ ಮುಟ್ಟಲೇ ಇಲ್ಲ, ಅವಳ ಎದೆಯ ಮೇಲಿನ ಲಾಂಛನ ನೋಡಿದ. "ಸರ್ಕಾರದ ಅಂಗಿ ಹಾಕ್ಕೊಂಡು ಬಡವರ ಸಾಲಲ್ಲಿ ನಿಂತಿದ್ದೀಯಲ್ಲ, ಮಾನ ಇಲ್ವಾ? ನಮ್ಮ ಪಟ್ಟೀಲಿ ನಿಮ್ಮನೆಯವರ ಹೆಸರಿನ ಮುಂದೆ 'ಇಲಾಖೆ' ಅಂತ ಇದೆ."

"ಆ ಮೇಡಮ್ಮೋರು ಅವನು ನೌಕರ ಅಲ್ಲ ಅಂತಾರೆ ಸ್ವಾಮಿ."

"ಹಂಗಂತ ಬರೆಸ್ಕೊಂಡ್ ಬಾ, ಒತ್ತಿಕೊಡ್ತೀನಿ."

ಒಂದೇ ಹೆಜ್ಜೆ ದೂರ. ವಿಮೆಯವಳು ಎಲ್ಲವನ್ನೂ ಕೇಳಿಸಿಕೊಂಡಿದ್ದಳು. "ನಮ್ಮೋರಲ್ಲದೋರ ಬಗ್ಗೆ ನಾವು ಹ್ಯಾಗೆ ಬರೆಯೋದು? ಕೆಲಸ ಮಾಡಿಸ್ಕೊಂಡೋರು ಬರೀಲಿ" ಎಂದಳು. ಕೆಟ್ಟವಳೇನಲ್ಲ, ಮುಖದಲ್ಲಿ ಕನಿಕರವಿತ್ತು. ಆ ಕನಿಕರಕ್ಕೆ ಮೊಹರು ಇರಲಿಲ್ಲ, ಅಷ್ಟೇ.

ಬೆರ್ನಾಲ್ ಪಾನ್‌ಸಿತ್ ಶ್ಯಾವಿಗೆ ತಿನ್ನುತ್ತಿದ್ದ. ಅವಳು ಬಾಯಿ ತೆರೆಯುವ ಮೊದಲೇ ಚಮಚ ಎತ್ತಿದ. "ನಂಗೇನೂ ಬರಿ ಅನ್ಬೇಡ. ನಮ್ಮೋನು ಅಂದ್ರೆ ಬೂಟ್ಯಾಕ್ ಕೊಡ್ಲಿಲ್ಲ ಅಂತಾರೆ. ನಮ್ಮೋನಲ್ಲ ಅಂದ್ರೆ ಲಾರೀಲಿ ಯಾಕ್ ಹತ್ತುಸ್ಕೊಂಡ್ರಿ ಅಂತಾರೆ. ಇಲಾಖೆ ಇಲಾಖೆಗೆ ತಂದಿಡ್ತೀಯಾ, ಹಾಳಾದ್ ಮುಂಡೆ?"

"ಅವನು ಸಾಯ್ತಾನೆ ಸಾರ್."

"ನನ್ ಸಹಿ ಏನ್ ಔಷಧಿನಾ? ಹೋಗು, ಮತ್ತೆ ಸಾಲಲ್ಲಿ ಚಪ್ಪಲಿ ಬಿಡು. ಊಟ ಆದ್ಮೇಲೆ ನೋಡೋಣ."

ಅವಳು ಎರಡೂ ಸಾಲಿನ ಕೊನೆಗೆ ಹೋಗಿ ಮತ್ತೆ ಒಂದೊಂದು ಚಪ್ಪಲಿ ಬಿಟ್ಟಳು. ಊಟ ಎರಡು ಗಂಟೆಯವರೆಗೂ ನಡೆಯಿತು.

ಎರಡೂಕಾಲಿಗೆ ಪ್ರಾಂತ್ಯದ ನಿರ್ದೇಶಕರ ಕಾರು ಬಂತು. ಎಲ್ಲ ಇಲಾಖೆಯವರೂ ಒಬ್ಬರ ಹೆಗಲ ಮೇಲೊಬ್ಬರು ಕೈಹಾಕಿ ನಿಂತು ತೆಗೆಸಿಕೊಳ್ಳುವ ಫೋಟೋ ಒಂದಿತ್ತು. ಫೋಟೋದವನು ಕ್ಯಾಮೆರಾ ಇಳಿಸಿ ಮುಖ ಸಿಂಡರಿಸಿದ. ಮುಂದೆ ಪೂರ್ತಿ ಚಪ್ಪಲಿ.

"ಏಯ್ ತ್ರಿನಿಂಗ್!" ಬೆರ್ನಾಲ್ ಓಡಿ ಬಂದ. "ಈ ಮೆಟ್ಟೆಲ್ಲ ಗುಡ್ಸಾಕು! ಮನಿಲಾವರ್ಗೂ ಹೋಗೋ ಫೋಟೋ ಇದು."

"ಅವು ಜನರ ಜಾಗ ಸಾರ್. ನಂದೂ ಇದೆ."

"ಗುಡಿಸೋಳಾ ನೀನು, ಇಲ್ಲ ಲಾಯರಾ?"

ಅವಳು ಗುಡಿಸಿದಳು. ಹದಿನಾರು ವರ್ಷದ ಅಭ್ಯಾಸ, ಕೈ ತಾನಾಗಿ ನಡೆಯಿತು. ಸವೆದ ಹಿಮ್ಮಡಿಯವು, ತಂತಿ ಕಟ್ಟಿದವು, ಬಾಣಂತಿಯೊಬ್ಬಳ ಪ್ಲಾಸ್ಟಿಕ್ ಜೋಡು, ಎಲ್ಲ ಪೊರಕೆಯ ಮುಂದೆ ಕಲಸಿಹೋದವು. ನೆರಳಿನಿಂದ ಜನ ಎದ್ದು ಬಂದರು. "ಅಯ್ಯೋ ನಿನ್ ಕೈ ಸೇದೋಗ! ನಮ್ ಸಾಲು ಕಣೇ! ನಸುಕಿನ ನಾಲ್ಕ್ ಗಂಟೆಯಿಂದ ಕಾದಿದ್ದೀವಿ!" ಎಲ್ಪಿಡಿಯೊ ಮಾತ್ರ ಬರಿಗಾಲಲ್ಲಿ ನಿಂತು ಅವಳನ್ನೇ ನೋಡಿದ. ಬೈದವರಿಗಿಂತ ಆ ನೋಟವೇ ಅವಳನ್ನು ಹೆಚ್ಚು ಸುಟ್ಟಿತು. ನಾಚಿಕೆಯಿಂದ ಕಣ್ಣಲ್ಲಿ ನೀರು ಬಂತು.

ಚಪ್ಪಲಿಗಳನ್ನೆಲ್ಲ ಗೋಣಿಚೀಲಕ್ಕೆ ತುಂಬಿದಳು. ಅಂಗಳದ ಹೊರಗೆ ಎಳೆದುಕೊಂಡು ಹೊರಟವಳು ಅರ್ಧದಲ್ಲಿ ನಿಂತಳು. ತಿರುಗಿದಳು. ನೇರ ನಡೆದು ಹೋಗಿ ಇಡೀ ಚೀಲವನ್ನು ಅಕ್ಕಪಕ್ಕದ ಆ ಎರಡೂ ಮೇಜಿನ ಮೇಲೆ ಸುರಿದಳು. ಬಿಳಿ ಬಟ್ಟೆ, ಶ್ಯಾವಿಗೆ ತಟ್ಟೆ, ಎರಡು ಮೊಹರು ಎಲ್ಲದರ ಮೇಲೂ ಊರಿನ ಮಣ್ಣು ಬಿತ್ತು.

"ಯಾರು ಯಾರ ಕಡೆಯೋರು ಅಂತ ನೀವೇ ಆರಿಸ್ಕೊಳ್ಳಿ!" ಅವಳು ಖಾಲಿ ಚೀಲ ಬಿಸಾಕಿದಳು. "ಬೆಳಗ್ಗಿಂದ ಅದೇ ಕೇಳ್ತಿದ್ದೀನಿ, ನನ್ ಗಂಡ ಯಾರ ಕಡೆಯೋನ್ರೋ?"

ನಿರ್ದೇಶಕರು ಕರವಸ್ತ್ರ ತೆಗೆದರು. ಬೆರ್ನಾಲ್ ಮುನ್ನುಗ್ಗಿ ಬಂದ. "ತೆಗೆದೆ ಕಣೇ! ನಿನ್ನೂ ತೆಗೆದೆ, ನಿನ್ ಗಂಡನ್ನೂ ತೆಗೆದೆ! ಈ ಗಳಿಗೆಯಿಂದ ನೀವಿಬ್ರೂ ನಮ್ ಇಲಾಖೆ ಆಳಲ್ಲ!"

ತ್ರಿನಿಂಗ್ ಚಪ್ಪಲಿ ರಾಶಿಯ ನಡುವಿಂದ ಒಂದು ಪೆನ್ನು ಎತ್ತಿ ಅವನ ಕಡೆ ಚಾಚಿದಳು.

"ಅಷ್ಟೇ ಬರ್ಕೊಡಿ ಸಾರ್. ಬಸ್ಯೋಂಗ್‌ನ ಕೆಲಸದಿಂದ ತೆಗೆದಿದ್ದೀನಿ ಅಂತ. ಇವತ್ತಿನ ತಾರೀಕು ಹಾಕಿ. ನಿನ್ನೆವರ್ಗೂ ನಿಮ್ಮೋನೇ ಅಂತ ಆಗುತ್ತಲ್ಲ, ವಿಮೆಯವ್ರು ಒತ್ಲೇಬೇಕು."

ಬೆರ್ನಾಲ್‌ನ ಕೈ ಪೆನ್ನಿನವರೆಗೂ ಬಂದಿತ್ತು. ನಿರ್ದೇಶಕರು ಮೆತ್ತಗೆ ಅದರ ಮೇಲೆ ತಮ್ಮ ಕೈಯಿಟ್ಟರು.

"ಬರೀಬೇಡ್ರಿ" ಎಂದರು. "ಇಲ್ಲದೇ ಇರೋರನ್ನ ತೆಗೆಯೋಕೆ ಬರಲ್ಲ."

ವಿಮೆಯವಳು ತನ್ನ ಮೊಹರನ್ನು ಒರೆಸಿ ಕೈಚೀಲಕ್ಕೆ ಹಾಕಿದಳು. ಕಲ್ಯಾಣದವನೂ ಹಾಕಿದ. ಫೋಟೋ ಹೊರಗೆ ಬ್ಯಾನರ್ ಇಲ್ಲದೆಯೇ ಆಯಿತು. ಅಧಿಕಾರಿಗಳಿಗೂ ಅದೇ ನಾಲ್ಕು ಗಂಟೆಯ ದೋಣಿ. ಮೇಜು ಮಡಚಿ ಲಾರಿಗೆ ಹಾಕುವಾಗ ಚಪ್ಪಲಿಗಳು ನೆಲಕ್ಕೆ ಬಿದ್ದವು. ಜನ ಬಗ್ಗಿ ತಮ್ಮತಮ್ಮವನ್ನು ಹುಡುಕಿಕೊಂಡರು. ಯಾರೂ ಮೆಟ್ಟಿಕೊಳ್ಳಲಿಲ್ಲ. ಎಲ್ಪಿಡಿಯೊ ತ್ರಿನಿಂಗ್‌ಳ ಎಡದ್ದನ್ನೂ ಬಲದ್ದನ್ನೂ ಹುಡುಕಿ ತೆಗೆದು, ಮೇಜು ಇದ್ದ ಜಾಗದ ಮುಂದೆ ಜೋಡಿಯಾಗಿ ಇಟ್ಟ. ಅದರ ಹಿಂದೆ ತನ್ನದನ್ನಿಟ್ಟ. ಅವನ ಹಿಂದೆ ಬಾಣಂತಿ, ಅವಳ ಹಿಂದೆ ಮಿಕ್ಕವರು.

ತ್ರಿನಿಂಗ್ ಪೆನ್ನು ಹಿಡಿದುಕೊಂಡೇ ಇದ್ದಳು. ಕೆಳಗೆ ಧಕ್ಕೆಯಲ್ಲಿ ದೋಣಿ ಒಂದು ಸಲ ಕೂಗಿತು, ಎರಡನೇ ಸಲ ಕೂಗಿತು. ಚಿಕ್ಕ ಆಸ್ಪತ್ರೆಯ ಜಗಲಿಯ ಮೇಲೆ ಬಸ್ಯೋಂಗ್‌ನನ್ನು ಆಗಲೇ ಕ್ಷೌರ ಮಾಡಿಸಿ, ಬಿದಿರಿನ ತಟ್ಟಿಗೆ ಕಟ್ಟಿ, ದೋಣಿಗೆ ಹೊರಡಲು ಸಿದ್ಧಮಾಡಿ ಮಲಗಿಸಿದ್ದರು.