ಕೊನೆಯ ಬೋಲ್ಟ್ ಬಿಗಿದವರ ಕೈ

ನಮ್ಮ ತಂಡದಲ್ಲೊಂದು ಪದ್ಧತಿಯಿದೆ. ಪೈಪ್ ಜಾಯಿಂಟಿನ ಕೊನೆಯ ಬೋಲ್ಟ್ ಯಾರು ಬಿಗಿಯುತ್ತಾರೋ, ಮೊದಲ ಸಲ ನೀರು ಬಿಡುವಾಗ ಅವರೇ ಅದರ ಮೇಲೆ ಅಂಗೈಯಿಟ್ಟು ನಿಲ್ಲಬೇಕು; ಸೋರಿದರೆ ಮೊದಲು ಒದ್ದೆಯಾಗುವುದು ಅವರ ಕೈಯೇ. ಇದನ್ನು ಮಾಡಿದ್ದು ನಮ್ಮ ಮೇಸ್ತ್ರಿ, ಅಂದರೆ ನನ್ನ ಮಾವ. ಮದುವೆಯಾದ ವರ್ಷವೇ ನನ್ನ ಕೈಗೆ ಸ್ಪ್ಯಾನರ್ ಕೊಟ್ಟವರೂ ಅವರೇ.

ಅವತ್ತು ಪಂಪ್‌ಹೌಸಿನಲ್ಲಿ ಹೊಸ ವಾಲ್ವ್ ಕೂರಿಸುತ್ತಿದ್ದೆವು. ಗುಡ್ಡದ ಮೇಲಿನ ಬೀದಿಗಳಿಗೆ ಎರಡು ದಿನದಿಂದ ನೀರಿಲ್ಲ. ನಾಲ್ಕು ಗಂಟೆಗೆ ಬಿಡುತ್ತೇನೆಂದು ಮಾವ ಮಾತು ಕೊಟ್ಟಿದ್ದರು. ಪೈಪಿನ ತುದಿಯ ಅಗಲ ಬಳೆಯಂಥ ಫ್ಲ್ಯಾಂಜಿನಲ್ಲಿ ಎಂಟು ತೂತು, ವಾಲ್ವಿನ ಫ್ಲ್ಯಾಂಜಿನಲ್ಲೂ ಎಂಟು. ಹೇಳಿ ಮಾಡಿಸಿದಂತೆ ಕೂತವು. ಮಾವ ಕೊನೆಯ ಬೋಲ್ಟ್ ಬಿಗಿದು, ಅಂಗೈಯಿಟ್ಟು, ಸ್ವಿಚ್ಚಿನ ಬಳಿಯಿದ್ದ ನನ್ನ ಗಂಡನಿಗೆ ಕೂಗಿದರು: "ಹಾಕೋ ಪಂಪು!"

ಸುಮ್ಮನಿರುವ ಜಾಯಮಾನ ನನ್ನದಲ್ಲ. ವಾಲ್ವಿನ ದಪ್ಪ ನೀಲಿ ಬಣ್ಣದಡಿ ಏನೋ ಉಬ್ಬಿದ್ದು ಕಂಡು ಸ್ಕ್ರೂಡ್ರೈವರಿನಲ್ಲಿ ಕೆರೆದೆ. ಪಿಎನ್ ಹತ್ತು. ಪೈಪಿನ ಮೇಲಿದ್ದದ್ದು ಹದಿನಾರು.

"ತಡೀರಿ! ಹಾಕ್ಬೇಡಿ!"

"ಏನಮ್ಮ ಅದು?" ಎಂದರು ಮಾವ.

"ಈ ವಾಲ್ವು ಹತ್ತು ಬಾರ್ ಒತ್ತಡಕ್ಕೆ ಮಾಡಿದ್ದು, ಮಾವ. ಗುಡ್ಡ ಹತ್ತಿಸೋಕೆ ಪಂಪು ತಳ್ಳೋದು ಹದಿನಾಲ್ಕು."

"ತೂತೆಲ್ಲ ಸರಿಯಾಗಿ ಕೂತಿವೆಯಲ್ಲ! ಬೇರೆ ಜಾತೀದಾಗಿದ್ರೆ ಬೋಲ್ಟೇ ಹೋಗ್ತಿರಲಿಲ್ಲ."

"ಆರಿಂಚಿನ ಪೈಪಿಗೆ ಹತ್ತಕ್ಕೂ ಹದಿನಾರಕ್ಕೂ ತೂತು ಒಂದೇ. ಎಂಟಿಂಚಾಗಿದ್ರೆ ಹದಿನಾರಕ್ಕೆ ಹನ್ನೆರಡು ತೂತು ಇರ್ತಿತ್ತು, ನಮಗೂ ಬುದ್ಧಿ ಬರ್ತಿತ್ತು."

"ನಲವತ್ತು ವರ್ಷದಲ್ಲಿ ಇಟ್ಟ ಕೈ ತೆಗೆದೋನಲ್ಲ ನಾನು."

ಕೈ ಅಲ್ಲೇ ಇತ್ತು. ವಾಲ್ವ್ ಒಡೆದರೆ ಕೈಯಲ್ಲ, ಆಳೇ ಉಳಿಯುವುದಿಲ್ಲ. ಸಿಟ್ಟೂ ಭಯವೂ ಒಟ್ಟಿಗೇ ಬಂದವು. ಈ ಮುದುಕನೆಂದರೆ ನನಗೆಷ್ಟು ಪ್ರೀತಿ ಎಂದು ಆಗಲೇ ತಿಳಿದದ್ದು. ಅಪ್ಪ ಮತ್ತು ಹೆಂಡತಿಯ ನಡುವೆ ಸಿಕ್ಕ ಗಂಡನ ಬೆರಳು ಇನ್ನೂ ಸ್ವಿಚ್ಚಿನ ಮೇಲೇ ಇತ್ತು. ನಾನು ಸ್ಪ್ಯಾನರ್ ಹಾಕಿ ನಟ್ ಸಡಿಲಿಸಿಯೇಬಿಟ್ಟೆ.

"ಈಗ ಬಿಡ್ತಾನಾ ನಿಮ್ಮ ಮಗ ನೀರು?"

ಸ್ಟೋರಿನಿಂದ ಹದಿನಾರರ ವಾಲ್ವ್ ತಂದೆವು. ಹೊಸ ಗ್ಯಾಸ್ಕೆಟ್ ಹಾಕಿ, ಎದುರುಬದುರಾಗಿ ಬಿಗಿಯುತ್ತಾ ಬಂದು ಕೊನೆಯ ಬೋಲ್ಟನ್ನು ನಾನೇ ಬಿಗಿದೆ. ಆಗಲೇ ಆರು ಗಂಟೆ. ಮಾವ ಗೋಡೆಗೊರಗಿ ನಿಂತಿದ್ದರು.

ನಾನು ಅಂಗೈಯಿಟ್ಟೆ. ಪಂಪ್ ಶುರುವಾಯಿತು. ಒತ್ತಡದ ಮುಳ್ಳು ಹತ್ತು ದಾಟುತ್ತಿದ್ದಂತೆ ಮಾವ ಬಂದು ನನ್ನ ಕೈ ಪಕ್ಕದಲ್ಲೇ ಕೈಯಿಟ್ಟರು.

"ಬಿಗಿದೋಳು ನಾನು, ಮಾವ."

"ಗೊತ್ತು, ಸ್ವಲ್ಪ ಜಾಗ ಬಿಡು."

ಮುಳ್ಳು ಹದಿನಾಲ್ಕಕ್ಕೆ ಬಂದು ನಿಂತಿತು. ಇಬ್ಬರ ಅಂಗೈಯೂ ಒಣಗಿಯೇ ಇತ್ತು.

"ನಾಳೆಯಿಂದ ಕೈ ಇಡೋ ಮುಂಚೆ ನಂಬರ್ ಓದ್ಬೇಕು," ಎಂದರು ಮಾವ, ಮಗನಿಗೂ ಕೇಳುವಂತೆ. "ಎಲ್ಲರೂ. ಮೊದಲು ನಾನು."