ಬಾರದ ಸಾಮಾನು

ಗ್ಯಾರೇಜಿನ ಮುಂದಿನ ಬಯಲಿನಲ್ಲಿ ತಿಳಿನೀಲಿ ಬಣ್ಣದ ಕಾರೊಂದು ನಿಧಾನವಾಗಿ ಸುತ್ತು ಹಾಕುತ್ತಿತ್ತು. ಸ್ಟೇರಿಂಗನ್ನು ಪೂರ್ತಿ ಎಡಕ್ಕೆ ತಿರುಗಿಸಿ ಹಿಡಿದಿದ್ದರಿಂದ ಗಾಲಿಗಳು ಕೆಂಪು ಮಣ್ಣಿನಲ್ಲಿ ಬರೆದ ಗೆರೆಯ ಮೇಲೆಯೇ ಮತ್ತೆ ಮತ್ತೆ ಹಾಯುತ್ತಿದ್ದವು. ಬಲಗಡೆಯ ಮುಂದಿನ ಗಾಲಿಯಿಂದ ಕಟ್, ಕಟ್, ಕಟ್ ಎಂಬ ಸದ್ದು ಬರುತ್ತಿತ್ತು. ನಾನು ವೃತ್ತದ ನಡುವೆ ಕುಕ್ಕರುಗಾಲಿನಲ್ಲಿ ಕುಳಿತು ಕಿವಿಗೊಟ್ಟಿದ್ದೆ. ಕಾರಿನ ಸದ್ದೆಂದರೆ ಇಂದಿಗೂ ನನಗೆ ಮೊದಲು ನೆನಪಾಗುವುದು ಅದು.

ಕಾರು ನಡೆಸುತ್ತಿದ್ದವರು ಶಿವನಂಜಯ್ಯನವರು. ಭೂಮಾಪನ ಇಲಾಖೆಯಲ್ಲಿ ಸರಪಳಿ ಹಿಡಿದು ಹೊಲಗದ್ದೆಗಳನ್ನು ಅಳೆದು ನಿವೃತ್ತರಾದವರು. ಮಾತನ್ನೂ ಅಳೆದೇ ಆಡುವವರು. ಪಕ್ಕದಲ್ಲಿ ಅವರ ಹೆಂಡತಿ ಗೌರಾಂಬನವರು ಕೂತಿದ್ದರು. ತಲೆಗೆ ಬಿಳಿಯ ಹತ್ತಿ ಬಟ್ಟೆ ಕಟ್ಟಿಕೊಂಡಿದ್ದರು. ಅದರ ಕೆಳಗೆ ಕೂದಲಿಲ್ಲವೆಂಬುದು ಊರಿಗೆಲ್ಲ ಗೊತ್ತಿತ್ತು. ಮೂರು ವಾರಕ್ಕೊಮ್ಮೆ ಅವರಿಬ್ಬರೂ ಬೆಟ್ಟದ ದಾರಿಯಲ್ಲಿ ಇಳಿದು ನಗರದ ಆಸ್ಪತ್ರೆಗೆ ಹೋಗುತ್ತಿದ್ದರು, ಮಾರನೆಯ ದಿನ ಮರಳುತ್ತಿದ್ದರು. ಹೀಗೆ ಒಂದೂವರೆ ವರ್ಷ ಕಳೆದಿತ್ತು.

"ಸಾಕು, ನಿಲ್ಲಿಸಿ ಸ್ವಾಮಿ," ಎಂದೆ. ಗಾಲಿಯ ಹಿಂದಕ್ಕೆ ಬಗ್ಗಿ ನೋಡಿದೆ. ಎಂಜಿನ್ನಿನ ಬಲವನ್ನು ಗಾಲಿಗೆ ಒಯ್ಯುವ ದಂಡವೊಂದಿರುತ್ತದೆ. ಗಾಲಿ ಎತ್ತ ತಿರುಗಿದರೂ ಅದರೊಂದಿಗೆ ಬಾಗಲೆಂದು ದಂಡದ ತುದಿಗೆ ಒಂದು ಕೀಲು. ಕೀಲಿನೊಳಗೆ ಆರು ಉಕ್ಕಿನ ಗುಂಡುಗಳು, ಅವುಗಳ ಸುತ್ತ ಗ್ರೀಸು, ಎಲ್ಲಕ್ಕೂ ಮುಚ್ಚಿಗೆಯಾಗಿ ರಬ್ಬರಿನ ಚೀಲ. ಆ ಚೀಲ ಉದ್ದಕ್ಕೆ ಹರಿದಿತ್ತು. ಗ್ರೀಸೆಲ್ಲ ಹೊರಗೆ ಸಿಡಿದು, ಅದರ ಜಾಗಕ್ಕೆ ದಾರಿಯ ಧೂಳು ಸೇರಿಕೊಂಡಿತ್ತು. ಎಡಗಡೆಯದೂ ಹೆಚ್ಚು ದಿನ ಬಾಳುವಂತಿರಲಿಲ್ಲ.

"ಎರಡೂ ಕಡೆ ದಂಡ ಸಮೇತ ಬದಲಾಯಿಸ್ಬೇಕು," ಎಂದೆ.

"ಇನ್ನೆಷ್ಟು ದಿನ ತಡೆಯುತ್ತೆ?" ಶಿವನಂಜಯ್ಯನವರು ಕೇಳಿದರು.

"ಹೇಳಕ್ಕಾಗಲ್ಲ. ನಾಳೇನೇ ಹೋಗಬಹುದು, ಆರು ತಿಂಗಳೂ ಎಳೀಬಹುದು."

ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡೆ. ಅವರು ಮುಖ ಬೇರೆ ಕಡೆ ತಿರುಗಿಸಿದರು. ಗೌರಾಂಬನವರು ಮಾತ್ರ ಕಿಟಕಿಯಿಂದ ಬಗ್ಗಿ, "ನೇರ ಹೋಗುವಾಗ ಸುಮ್ಮನಿರುತ್ತೆ ಅಲ್ವಾ ಮೇಸ್ತ್ರಿ? ತಿರುವು ಬಂದಾಗ ಮಾತ್ರ ಬಾಯಿ ಬಿಡುತ್ತೆ," ಎಂದು ನಕ್ಕರು.

ಆಸ್ಪತ್ರೆಗೆ ಹೋಗಬೇಕಾದ ದಿನ ಮುಂದಿನ ಶುಕ್ರವಾರ. ಸಾಮಾನು ನಗರದಿಂದ ಬಸ್ಸಿನ ಪಾರ್ಸೆಲಿನಲ್ಲಿ ಬರಲು ನಾಲ್ಕೈದು ದಿನ ಬೇಕು. ಅರ್ಧ ದಿನ ಜೋಡಿಸುವ ಕೆಲಸ. ಶುಕ್ರವಾರಕ್ಕೆ ಖಂಡಿತ ಆಗುತ್ತದೆಂದು ಮಾತು ಕೊಟ್ಟೆ. ಅಂದೇ ಸಂಜೆ ಕಾರನ್ನು ಜಾಕಿಯ ಮೇಲೇರಿಸಿ ಎರಡೂ ದಂಡಗಳನ್ನು ಕಳಚಿದೆ. ಮುಂದಿನ ಗಾಲಿಗಳಿಲ್ಲದೆ ಅದು ಮರದ ದಿಮ್ಮಿಗಳ ಮೇಲೆ ನಿಂತಿತು.

ಎರಡು ದಿನ ಕಳೆದ ಮೇಲೆ ಬೆಳಗ್ಗೆ ಗೌರಾಂಬನವರು ಒಬ್ಬರೇ ಕೊಡೆ ಹಿಡಿದುಕೊಂಡು ನಡೆದು ಬಂದರು. ಅವರ ಮನೆಯಿಂದ ನನ್ನ ಗ್ಯಾರೇಜಿಗೆ ಹತ್ತು ನಿಮಿಷದ ಹಾದಿ. ಅವರಿಗೆ ಅರ್ಧ ಗಂಟೆ ಹಿಡಿದಿತ್ತಂತೆ. ಟೈರುಗಳ ರಾಶಿಯ ಮೇಲೆ ಗೋಣಿಚೀಲ ಹಾಸಿ ಕೂರಿಸಿದೆ. ನೀರು ಕೊಟ್ಟರೆ ಒಂದು ಗುಟುಕು ಕುಡಿದು ಲೋಟ ಕೆಳಗಿಟ್ಟರು.

"ನೀರು ಕೂಡ ಕಬ್ಬಿಣ ಕಬ್ಬಿಣ ಅನ್ನುತ್ತೆ," ಎಂದರು. "ಆ ಔಷಧ ಒಳಗೆ ಹೋದ್ರೆ ಹದಿನೈದು ದಿನ ಹೀಗೇ. ಆಮೇಲೆ ನಾಲಿಗೆಗೆ ಸ್ವಲ್ಪ ಜೀವ ಬರುತ್ತೆ. ಬರೋ ಹೊತ್ತಿಗೆ ಮತ್ತೆ ಹೊರಡೋ ದಿನ."

ನಾನು ಲೋಟವನ್ನು ಎತ್ತಿ ಬದಿಗಿಟ್ಟೆ.

"ಮೇಸ್ತ್ರಿ, ನಿಮ್ಮಿಂದ ಒಂದು ಉಪಕಾರ ಆಗ್ಬೇಕು. ಶುಕ್ರವಾರಕ್ಕೆ ಕಾರು ಆಗೋದು ಬೇಡ."

ನನಗೆ ಅರ್ಥವಾಗಲಿಲ್ಲ.

"ಸಾಮಾನು ಬಂದಿಲ್ಲ ಅಂತ ಹೇಳಿ. ಬಂದ್ರೂ ಬಂದಿಲ್ಲ ಅನ್ನಿ. ಬಸ್ಸಿನಲ್ಲಿ ಹೋಗಬೇಡಿ ಅಂತ ಡಾಕ್ಟರೇ ಹೇಳಿದ್ದಾರೆ. ಬೇರೆ ಗಾಡಿ ಮಾಡ್ತೀನಿ ಅಂತ ಇವರು ಅಂತಾರೆ. ಅದರ ವಾಸನೆ ನನಗಾಗಲ್ಲ, ನಮ್ಮ ಕಾರೇ ಬರಲಿ ಅಂತ ನಾನು ಹಟ ಹಿಡೀತೀನಿ."

"ತಾಯೀ, ಇದೇನು ಹೇಳ್ತಿದ್ದೀರಿ? ಔಷಧ ತಪ್ಪಿಸಿದ್ರೆ..."

"ಹೋದ ಸಲ ಡಾಕ್ಟರು ನನ್ನ ಹೊರಗೆ ಕೂರಿಸಿ ಇವರ ಹತ್ರ ಮಾತಾಡಿದ್ರು. ಬಾಗಿಲು ತೆಳ್ಳಗಿತ್ತು. ಇನ್ನು ಈ ಔಷಧದಿಂದ ವಾಸಿಯಾಗಲ್ಲ, ಹೆಚ್ಚು ಅಂದ್ರೆ ಒಂದು ತಿಂಗಳು ಮುಂದಕ್ಕೆ ಹೋಗುತ್ತೆ ಅಂದ್ರು. ಆ ಒಂದು ತಿಂಗಳನ್ನೂ ವಾಂತಿ ಮಾಡ್ಕೊಂಡೇ ಕಳೀಬೇಕಲ್ಲ, ನಾನು."

"ಅದನ್ನ ಅವರಿಗೇ ಹೇಳಬಹುದಲ್ಲ?"

"ಎರಡು ಸಲ ಹೇಳಿದೆ. ಹೇಳೋಕೆ ಶುರು ಮಾಡಿದ ತಕ್ಷಣ ಎದ್ದು ಹೋಗಿ ಕಾರು ಒರೆಸ್ತಾರೆ. ಒರೆಸಿದ್ದನ್ನೇ ಒರೆಸ್ತಾ ನಿಂತ್ಕೊಳ್ತಾರೆ." ಸ್ವಲ್ಪ ಹೊತ್ತು ಅವರಿಗೆ ಉಸಿರು ಸಾಲಲಿಲ್ಲ. "ನಾನು ಬೇಡ ಅಂದ್ರೆ ಅವರ ಎದೆ ಒಡೆಯುತ್ತೆ. ಕಾರೇ ಇಲ್ಲ ಅಂದ್ರೆ ಏನು ಮಾಡ್ತಾರೆ? ಸುಮ್ಮನೆ ಕೂತ್ಕೋತಾರೆ. ನನಗೆ ಹೀರೆಕಾಯಿ ಸಿಪ್ಪೆ ಚಟ್ನಿ ಜೊತೆ ಬಿಸಿ ಅನ್ನ ತಿನ್ನಬೇಕು ಮೇಸ್ತ್ರಿ. ರುಚಿ ಗೊತ್ತಾಗಿ ತಿನ್ನಬೇಕು. ಅಷ್ಟೇ."

ನಾನು ಹೂಂ ಅನ್ನಲಿಲ್ಲ, ಊಹೂಂ ಅನ್ನಲೂ ಇಲ್ಲ. ಅವರು ಕೊಡೆ ಬಿಚ್ಚಿಕೊಂಡು ಹೊರಟರು. ಬಯಲಿನ ಅಂಚಿನಲ್ಲಿ ಎರಡು ಸಲ ನಿಂತು ದಣಿವಾರಿಸಿಕೊಂಡರು. ಜೊತೆಗೆ ಹೋಗಿ ಬಿಟ್ಟು ಬರಬೇಕಾಗಿತ್ತು, ಕಾಲು ಏಳಲಿಲ್ಲ.

ಬುಧವಾರ ಸಾಮಾನು ಬಂತು. ಬಸ್ ನಿಲ್ದಾಣದ ಪಾರ್ಸೆಲ್ ಕೌಂಟರಿನಲ್ಲಿ ಸಹಿ ಹಾಕಿ ಉದ್ದನೆಯ ಎರಡು ಡಬ್ಬಿಗಳನ್ನು ಹೆಗಲ ಮೇಲೆ ಹೊತ್ತು ತಂದೆ. ದಾರಿಯುದ್ದಕ್ಕೂ ಏನನ್ನೂ ನಿರ್ಧರಿಸಿರಲಿಲ್ಲ. ಗ್ಯಾರೇಜಿಗೆ ಬಂದವನೇ ಅವುಗಳನ್ನು ಹಿಂದಿನ ಅಟ್ಟಣೆಯ ಮೇಲಿಟ್ಟು ಹಳೆಯ ಟಾರ್ಪಾಲು ಎಳೆದೆ. ನನ್ನ ಕೈಗಳು ನನಗಿಂತ ಮೊದಲೇ ಒಪ್ಪಿಕೊಂಡಿದ್ದವು.

ಸಾಮಾನು ಬಂದಿಲ್ಲ ಎನ್ನುವುದು ನಮ್ಮ ಕಸುಬಿನಲ್ಲಿ ದಿನನಿತ್ಯದ ಮಾತು. ಕೆಲಸ ಹೆಚ್ಚಿದಾಗ, ಮೈಯಲ್ಲಿ ಸೋಮಾರಿತನ ಹೊಕ್ಕಾಗ, ನಾನೇ ಅದನ್ನು ನೂರಾರು ಸಲ ಹೇಳಿದ್ದೇನೆ. ಅಂದು ಸಂಜೆ ಶಿವನಂಜಯ್ಯನವರು ಬಂದು, ಇನ್ನೂ ಬಾಗಿಲಲ್ಲೇ ನಿಂತು, "ಬಂತಾ?" ಎಂದು ಕೇಳಿದಾಗ ನನ್ನ ಧ್ವನಿ ನನಗೇ ಅಪರಿಚಿತವಾಗಿ ಕೇಳಿಸಿತು.

"ಇಲ್ಲ ಸ್ವಾಮಿ. ಬಂದಿಲ್ಲ."

ಅವರು ನನ್ನ ಮುಖವನ್ನೇ ನೋಡಿದರು. ಮುಖ ಕೆಂಪೇರಿತ್ತು, ಬೇಗ ಬೇಗ ನಡೆದು ಬಂದವರಂತೆ. ಗದರುತ್ತಾರೆ ಎಂದುಕೊಂಡೆ. ಅವರು ಮೆಲ್ಲನೆ ಬಂದು ಬೆಂಚಿನ ಮೇಲೆ ಕೂತರು. ಮಂಡಿಯ ಮೇಲೆ ಎರಡೂ ಕೈಯಿಟ್ಟುಕೊಂಡು ಬಹಳ ಹೊತ್ತು ಕೂತಿದ್ದರು.

"ಸರಿ, ನಾಳೆ ನೋಡೋಣ," ಎಂದು ಎದ್ದರು.

ಶುಕ್ರವಾರ ಕಳೆಯಿತು. ಬಾಡಿಗೆ ಗಾಡಿಗೆ ಹೆಂಡತಿ ಒಪ್ಪಲಿಲ್ಲವೆಂದೂ ಆಸ್ಪತ್ರೆಗೆ ಫೋನು ಮಾಡಿ ದಿನ ಮುಂದೂಡಿದ್ದೇನೆಂದೂ ಅವರೇ ಬಂದು ತಿಳಿಸಿದರು. ಆಮೇಲೂ ದಿನಾ ಬರುತ್ತಿದ್ದರು. ಮೊದಲ ದಿನಗಳಲ್ಲಿ ಬಾಗಿಲಲ್ಲೇ ಪ್ರಶ್ನೆ, ಆಮೇಲೆ ಕೂತು ಪ್ರಶ್ನೆ. ಎರಡನೆಯ ವಾರದಲ್ಲಿ ಪ್ರಶ್ನೆಗೆ ಮೊದಲು ಬೇರೆ ಮಾತು ಬರತೊಡಗಿತು.

"ನಿನ್ನೆ ಎರಡು ಸಲ ಅನ್ನ ಹಾಕಿಸಿಕೊಂಡಳು ಮೇಸ್ತ್ರಿ. ಹೀರೆಕಾಯಿ ಸಿಪ್ಪೆ ಚಟ್ನಿ. ನಾನೇ ರುಬ್ಬಿದೆ. ಹುಣಸೆಹಣ್ಣು ಜಾಸ್ತಿ ಆಯ್ತು ಅಂತ ಬೈದಳು." ಬೈಸಿಕೊಂಡದ್ದನ್ನು ಅವರು ಬಹುಮಾನ ಸಿಕ್ಕವರಂತೆ ಹೇಳಿದರು. ಇನ್ನೊಂದು ದಿನ ಅವಳಿಗೆ ಕೊತ್ತಂಬರಿ ಸೊಪ್ಪಿನ ಘಮ ಗೊತ್ತಾಯಿತೆಂದರು. ಮತ್ತೊಂದು ದಿನ, ಅವಳ ಕೂದಲು ಎಳ್ಳುಕಾಳಿನಷ್ಟು ಉದ್ದ ಬಂದಿದೆ, ಎಲ್ಲ ಬಿಳಿ ಎಂದರು. ಮೂರನೆಯ ವಾರದಲ್ಲಿ ಸಾಮಾನಿನ ಸುದ್ದಿಯನ್ನೇ ಎತ್ತಲಿಲ್ಲ. ಕೂತು, ಎದ್ದು, ದಿಮ್ಮಿಗಳ ಮೇಲಿದ್ದ ಕಾರಿನ ಬಾನೆಟ್ಟಿನ ಧೂಳನ್ನು ಅಂಗೈಯಿಂದ ಸವರಿ ಹೋದರು.

ಅವರಿಗೆ ಮೋಸ ಮಾಡುತ್ತಿದ್ದೇನೆಂಬ ಸಂಕಟ ನನಗೆ ಪ್ರತಿದಿನವೂ ಇತ್ತು. ಚಟ್ನಿಯ ಮಾತು ಕೇಳಿದಾಗ ಸ್ವಲ್ಪ ಹಗುರವಾಗುತ್ತಿತ್ತು, ಅವರು ಮರೆಯಾದ ಕೂಡಲೇ ಮತ್ತೆ ಕವಿದುಕೊಳ್ಳುತ್ತಿತ್ತು. ಆ ಒಂದು ತಿಂಗಳು ಯಾರದು, ಅದನ್ನು ಅಟ್ಟಣೆಯ ಮೇಲೆ ಟಾರ್ಪಾಲಿನಡಿ ಮುಚ್ಚಿಡಲು ನಾನು ಯಾರು ಎಂದು ಕೆಲಸದ ನಡುವೆ ಕೈ ನಿಲ್ಲುತ್ತಿತ್ತು.

ಐದನೆಯ ವಾರದ ಒಂದು ಬೆಳಗ್ಗೆ ಶಿವನಂಜಯ್ಯನವರು ಗಡ್ಡ ಹೆರೆಯದೆ, ಅಂಗಿಯ ಗುಂಡಿ ಅದಲುಬದಲಾಗಿ ಹಾಕಿಕೊಂಡು ಬಂದರು.

"ನೋವು ಶುರುವಾಗಿದೆ. ಇಲ್ಲಿನ ಮಾತ್ರೆ ತಡೀತಿಲ್ಲ. ಬಲವಾದದ್ದು ಬೇಕಂದ್ರೆ ನಗರಕ್ಕೇ ಹೋಗ್ಬೇಕು, ಅವಳನ್ನ ನೋಡದೆ ಕೊಡಲ್ವಂತೆ." ಆಮೇಲೆ ನನ್ನ ಮುಖ ನೋಡದೆ ಕೇಳಿದರು. "ಇವತ್ತು ಸಾಮಾನು ಬರುತ್ತೆ ಅಲ್ವಾ?"

"ಬರುತ್ತೆ ಸ್ವಾಮಿ. ಮಧ್ಯಾಹ್ನ ಬನ್ನಿ."

ಅವರು ಹೋದ ಮೇಲೆ ಟಾರ್ಪಾಲು ಎಳೆದು ಡಬ್ಬಿ ಒಡೆದೆ. ಹೊಸ ದಂಡಗಳು ಎಣ್ಣೆಗಾಗದದಲ್ಲಿ ಸುತ್ತಿಕೊಂಡು ಹೊಳೆಯುತ್ತಿದ್ದವು. ಗೇರ್‌ಬಾಕ್ಸಿನ ಬಾಯಿಗೆ ಒಳತುದಿ ಇಟ್ಟು ನೂಕಿದಾಗ ಒಳಗಿನ ಬಳೆ ಟಕ್ಕೆಂದು ಕೂತಿತು. ಹೊರತುದಿಯನ್ನು ಗಾಲಿಯ ನಡುವಿನ ಗುಂಬಕ್ಕೆ ತೂರಿಸಿ, ನಟ್ಟು ಬಿಗಿದು, ಅದು ಸಡಿಲವಾಗದಂತೆ ಮೊಳೆ ಬಾಗಿಸಿದೆ. ರಬ್ಬರಿನ ಚೀಲಗಳ ಪಟ್ಟಿಗಳನ್ನು ಎರಡೆರಡು ಸಲ ಎಳೆದು ನೋಡಿದೆ. ಮೂರೇ ಗಂಟೆಯ ಕೆಲಸ. ಐದು ವಾರ ಬಾಕಿಯಿದ್ದದ್ದು ಇಷ್ಟೇ ಆಗಿತ್ತು.

ಮಧ್ಯಾಹ್ನ ಬಂದ ಶಿವನಂಜಯ್ಯನವರು ಕಾರನ್ನು ಮನೆಗೆ ಒಯ್ದು, ಗೌರಾಂಬನವರನ್ನು ಕೂರಿಸಿಕೊಂಡು, ನಗರಕ್ಕೆ ಹೊರಡುವ ಮೊದಲು ಬಯಲಿಗೆ ಬಂದರು. ಪರೀಕ್ಷೆ ಮಾಡೋಣವೆಂದು ಅವಳೇ ಹೇಳಿದಳು ಎಂದರು. ಸ್ಟೇರಿಂಗು ಪೂರ್ತಿ ತಿರುಗಿಸಿ ಒಂದು ಸುತ್ತು ಹಾಕಿದರು, ಎರಡು ಸುತ್ತು ಹಾಕಿದರು. ಮಣ್ಣು ನುಣ್ಣಗೆ ಒತ್ತಿದ ಸದ್ದು ಬಿಟ್ಟರೆ ಬೇರೇನೂ ಇಲ್ಲ. ಗೌರಾಂಬನವರು ದಿಂಬಿಗೆ ಒರಗಿದ್ದರು. ಬಹಳ ಇಳಿದುಹೋಗಿದ್ದರು.

"ತಿರುವಿನಲ್ಲೂ ಏನೂ ಹೇಳಲ್ಲ ಈಗ," ಎಂದರು ನನ್ನ ಕಡೆ ನೋಡಿ. ಮತ್ತೆ ತುಟಿ ಅಲುಗಿಸಿದರು. ಏನೆಂದರೋ ಎಂಜಿನ್ನಿನ ಸದ್ದಿನಲ್ಲಿ ನನಗೆ ಕೇಳಲಿಲ್ಲ.

ನಗರದ ಆಸ್ಪತ್ರೆಯವರು ನೋವಿಗೆ ಮಾತ್ರ ಔಷಧ ಕೊಟ್ಟು ಕಳಿಸಿದರು. ಹನ್ನೊಂದು ದಿನಗಳ ನಂತರ, ಮಧ್ಯಾಹ್ನ ಊಟದ ಹೊತ್ತಿನಲ್ಲಿ, ಗೌರಾಂಬನವರು ಮನೆಯಲ್ಲೇ ತೀರಿಹೋದರು.

ಅವರ ಕಾರ್ಯಗಳೆಲ್ಲ ಮುಗಿಯುವ ದಿನ ನಾನೂ ಹೋದೆ. ನಡುಮನೆಯಲ್ಲಿ ನೆಂಟರು ತುಂಬಿದ್ದರು. ಗೌರಾಂಬನವರ ತಮ್ಮ ರೇಣುಕಪ್ಪ ಎಂಬವರು ಗೋಡೆಗೆ ಒರಗಿ ಕೂತು ಎಲ್ಲರಿಗೂ ಕೇಳುವಂತೆ ಪ್ರಶ್ನಿಸುತ್ತಿದ್ದರು.

"ಅಲ್ಲ ಭಾವ, ಐದು ವಾರ! ಐದು ವಾರ ಆಸ್ಪತ್ರೆ ತಪ್ಪಿಸಿದ್ರಲ್ಲ, ಯಾಕೆ? ನಮಗೊಂದು ಮಾತು ಹೇಳಿದ್ರೆ ನಾನೇ ಬಂದು ಕರ್ಕೊಂಡು ಹೋಗ್ತಿರಲಿಲ್ವಾ?"

ಶಿವನಂಜಯ್ಯನವರು ತಲೆ ಎತ್ತಿದರು. ಹೊಸ್ತಿಲಲ್ಲಿ ನಿಂತಿದ್ದ ನನ್ನನ್ನು ಕಂಡರು. ಕಂಡೂ ಹೇಳಿದರು.

"ಕಾರು ರಿಪೇರಿ ತಡವಾಯ್ತು. ಗ್ಯಾರೇಜಿನವರು ಸಾಮಾನು ಬಂದಿಲ್ಲ, ಬಂದಿಲ್ಲ ಅಂತ ಸತಾಯಿಸಿದ್ರು. ಇಲ್ಲದಿದ್ರೆ ಅವಳು ಇನ್ನಷ್ಟು ದಿನ ಇರ್ತಿದ್ದಳು."

ಎಲ್ಲರ ಕಣ್ಣು ನನ್ನ ಕಡೆ ತಿರುಗಿತು. ರೇಣುಕಪ್ಪ ಎದ್ದೇ ನಿಂತರು. "ಇವನೇನಾ? ಎಂಥಾ ಮನುಷ್ಯನಯ್ಯಾ ನೀನು?" ನಾನು ಬಾಯಿ ತೆರೆದಿದ್ದರೆ ಗೌರಾಂಬನವರ ಮಾತನ್ನು ಹೇಳಬೇಕಾಗುತ್ತಿತ್ತು, ಅವರ ಗಂಡನ ಮುಂದೆಯೇ. ತಲೆ ತಗ್ಗಿಸಿ ಹಿತ್ತಲ ಬಾಗಿಲಿನತ್ತ ನಡೆದೆ.

ಹಿತ್ತಲಿನಲ್ಲಿ ಶಿವನಂಜಯ್ಯನವರು ನನ್ನ ಹಿಂದೆಯೇ ಬಂದರು.

"ಸಾಮಾನು ಬುಧವಾರವೇ ಬಂದಿತ್ತು," ಎಂದರು.

ನಾನು ತಲೆ ಎತ್ತಿ ನೋಡಿದೆ.

"ಅವತ್ತು ಪಾರ್ಸೆಲ್ ಕೌಂಟರಿಗೆ ನಾನೇ ಹೋಗಿದ್ದೆ. ರಿಜಿಸ್ಟರಿನಲ್ಲಿ ನಿಮ್ಮ ಸಹಿ ನೋಡಿದೆ. ಜಗಳ ಆಡಬೇಕು ಅಂತಲೇ ಗ್ಯಾರೇಜಿಗೆ ಬಂದೆ. ನೀವು ಬಂದಿಲ್ಲ ಅಂದ್ರಿ. ಅದನ್ನ ಕೇಳಿದಾಗ ನಂಗೆ... ಉಸಿರು ಬಂದ ಹಾಗಾಯ್ತು ಮೇಸ್ತ್ರಿ. ಯಾಕೆ ಹೇಳ್ತಿದ್ದೀರಿ ಅಂತ ಊಹೆ ಮಾಡಿದೆ. ಅವಳು ಕೊಡೆ ಹಿಡ್ಕೊಂಡು ಎಲ್ಲಿಗೆ ಹೋಗಿದ್ದಳು ಅಂತ ಗೊತ್ತಾಯ್ತು. ಸಾಕು ಅಂತ ನನ್ನ ಬಾಯಿಂದ ಬರಬಾರದಿತ್ತು, ಅಷ್ಟೇ. ಅದು ನಿಮ್ಮ ಬಾಯಿಂದ ಬಂತು."

"ಅವರಿಗೆ ಗೊತ್ತಿತ್ತಾ, ನಿಮಗೆ ಗೊತ್ತಿರೋದು?"

"ಇಲ್ಲ. ನನ್ನ ಕಾಪಾಡಿದೆ ಅನ್ಕೊಂಡೇ ಹೋದಳು." ನಡುಮನೆಯ ಕಡೆ ಒಮ್ಮೆ ತಿರುಗಿ ನೋಡಿದರು. "ಒಳಗೆ ಹಾಗೆ ಹೇಳಿದ್ದು ತಪ್ಪು. ಆದ್ರೆ ಅವರೆಲ್ಲ ಕೇಳ್ತಾನೇ ಇರ್ತಾರೆ, ನಾನು ಸಾಯೋವರೆಗೂ ಕೇಳ್ತಾರೆ. ನಿಮ್ಮ ಮೇಲೆ ಹಾಕಿದೆ. ಅದನ್ನ ನೀವು ಇಟ್ಕೊಳ್ತೀರಾ?"

ಇಂದಾಗಿದ್ದರೆ ಏನು ಹೇಳುತ್ತಿದ್ದೆನೋ ತಿಳಿಯದು. ಅಂದು, "ಇಟ್ಕೊಳ್ತೀನಿ," ಎಂದೆ. ಆ ಮಾತು ಅಷ್ಟು ಹಗುರವಾದದ್ದಾಗಿರಲಿಲ್ಲ. ಹೆಂಗಸಿನ ಪ್ರಾಣ ತೆಗೆದ ಗ್ಯಾರೇಜಿನವನು ಎಂದು ಊರಿನಲ್ಲಿ ಕೆಲವರು ಎಷ್ಟೋ ವರ್ಷ ನನ್ನ ಬಾಗಿಲು ತುಳಿಯಲಿಲ್ಲ. ನನ್ನ ಹೆಂಡತಿಗೂ ನಾನು ನಿಜ ಹೇಳಿದ್ದು ಶಿವನಂಜಯ್ಯನವರು ತೀರಿಕೊಂಡ ಮೇಲೆಯೇ.

ಅಂದು ನಾನು ಹಿತ್ತಲ ಗೇಟು ದಾಟಿದಾಗ ಹನಿ ಬೀಳತೊಡಗಿತು. ತಿರುಗಿ ನೋಡಿದೆ. ತಂತಿಯ ಮೇಲೆ ಒಗೆದು ಹರವಿದ್ದ ಅವರ ಹೆಂಡತಿಯ ಸೀರೆಯನ್ನು ಶಿವನಂಜಯ್ಯನವರು ಎಳೆದುಕೊಂಡು ಮಡಿಸಲು ನೋಡುತ್ತಿದ್ದರು. ಒಂದು ತುದಿ ಹಿಡಿದರೆ ಇನ್ನೊಂದು ತುದಿ ನೆಲಕ್ಕೆ ಜಾರುತ್ತಿತ್ತು. ಅದನ್ನೆತ್ತಿಕೊಂಡರೆ ಇದು ಕೈ ತಪ್ಪುತ್ತಿತ್ತು. ನಾನು ಒಳಗೆ ಬಂದು ಆ ಕಡೆಯ ಎರಡು ಚುಂಗು ಹಿಡಿದೆ. ಸೀರೆಯನ್ನು ನಡುವೆ ಬಿಗಿಯಾಗಿ ಎಳೆದು, ಒಮ್ಮೆ ಜಾಡಿಸಿ, ಮಡಿಕೆಗೊಂದು ಹೆಜ್ಜೆಯಂತೆ ನಾವಿಬ್ಬರೂ ಒಬ್ಬರತ್ತ ಒಬ್ಬರು ನಡೆದು ಬಂದೆವು.